ಬಡಗು ದಂಡೆಯಲ್ಲಿ ದೋಣಿಗಳಿಲ್ಲ

ಉಸ್ಸಿ ಮಕಾಮೆ ಅವರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವವರು. ಯೌವನದಲ್ಲಿ ಪೆಂಬಾ ದ್ವೀಪದ ಲವಂಗದ ಮಂಡಿಯಲ್ಲಿ ತೂಕ ಮಾಡುವವರಾಗಿದ್ದಾಗ ಕಲಿತ ಅಭ್ಯಾಸವದು. ತಕ್ಕಡಿಯ ಮುಂದೆ ಹೆಚ್ಚು ಮಾತಾಡುವವನನ್ನು ಯಾರೂ ನಂಬುವುದಿಲ್ಲ. ನಮ್ಮ ಮ್ವಾಂಬೆನಿ ದ್ವೀಪಕ್ಕೆ ಮರಳಿದ ಮೇಲೆ ಅವರನ್ನು ಶೆಹಾ ಮಾಡಿದ್ದೂ ಅದೇ ಗುಣಕ್ಕಾಗಿ. ಶೆಹಾ ಎಂದರೆ ಸರ್ಕಾರದ ಏಣಿಯ ಕಟ್ಟಕಡೆಯ ಮೆಟ್ಟಿಲು. ಜಾಗದ ತಕರಾರು, ಗಂಡಹೆಂಡಿರ ಜಗಳ, ಹೊರಗಿನಿಂದ ಬಂದ ಹೊಸ ಮುಖ, ಎಲ್ಲವೂ ಮೊದಲು ಅವರ ಜಗಲಿಗೆ ಬರಬೇಕು. ನನ್ನ ಮನೆ ಪಕ್ಕದ್ದೇ. ಶಾಲೆಯಲ್ಲಿ ಪಾಠ ಹೇಳಿ ಬಂದು ನಾನು ಶುಂಠಿ ಕಾಫಿ ಕುಡಿಯುವುದು ಆ ಜಗಲಿಯ ಮೇಲೆಯೇ.

ಆ ವರ್ಷ ತೆಂಕಣ ಗಾಳಿ ಎಂದಿಗಿಂತ ಬಿರುಸಾಗಿ ಎದ್ದಿತು. ಅದು ಬೀಸತೊಡಗಿದರೆ ತೆಂಕು ದಂಡೆಯಲ್ಲಿ ದೋಣಿ ನಿಲ್ಲುವುದಿಲ್ಲ; ಎಲ್ಲರೂ ಬಡಗು ದಂಡೆಗೆ ಬರುತ್ತಾರೆ. ಬಡಗಣ ಗಾಳಿ ಎದ್ದಾಗ ಮತ್ತೆ ತೆಂಕಿಗೆ. ಆದರೆ ಈ ಸಲ ಬಡಗು ದಂಡೆಯಲ್ಲಿ ಹೊಸ ಹೋಟೆಲಿನ ಗೋಡೆ ನೀರಿನವರೆಗೂ ಇಳಿದಿತ್ತು. ದೋಣಿಗಳಿಗೆ ದಾರಿ ಬಿಟ್ಟೇ ಬಿಡುತ್ತಾರೆಂದು ಊರು ನಂಬಿಕೊಂಡಿತ್ತು. ಬಿಡಲಿಲ್ಲ. ಗಾಳಿಗೆ ಸಿಕ್ಕಿ ಮೊದಲು ಬಂದದ್ದು ಹಿರಿಯ ಮೀನುಗಾರ ಫಾಕಿ ಅವರ ದೋಣಿ. ಅಲೆ ಅದನ್ನೆತ್ತಿ ಗೋಡೆಗೆ ಬಡಿಯಿತು. ದೋಣಿ ಸೀಳಿತು, ಫಾಕಿಯವರ ಅಳಿಯನ ತೊಡೆಯ ಮೂಳೆ ಮುರಿಯಿತು.

ಊರವರು ಜಿಲ್ಲಾ ಮಂಡಳಿಗೆ ಹೋಗಿ ವಿಚಾರಿಸಿದರು. ಮಂಡಳಿಯ ಪ್ರವಾಸೋದ್ಯಮ ಸಮಿತಿಯ ಕಚೇರಿಯಲ್ಲಿ ಹೇಳಿದ ಕಾರಣ ಇಷ್ಟೇ: ಆ ದಂಡೆಯನ್ನು ದೋಣಿಯವರು ಬಳಸುವುದಿಲ್ಲವೆಂದು ನಿಮ್ಮೂರಿನಲ್ಲೇ ಹೇಳಿದರು. ಕಚೇರಿಯಲ್ಲಿದ್ದವರು ದ್ವೀಪಕ್ಕೆ ಬಂದವರಲ್ಲ; ಹೇಳಿದವರು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಅಷ್ಟು ಸಾಕಾಯಿತು. ನಮ್ಮವನೇ ಯಾರೋ ಲಂಚ ತಿಂದು ಸುಳ್ಳು ಹೇಳಿದ್ದಾನೆ ಎಂದು ಊರು ತೀರ್ಮಾನಿಸಿತು.

ಶುಕ್ರವಾರದ ನಮಾಜಿನ ನಂತರ ಮಸೀದಿಯಲ್ಲಿ ಸಾರಿದರು: ಬರುವ ಗುರುವಾರ ಹಲ್‌ಬದಿರಿ ಓದಲಾಗುವುದು. ಬದರ್ ಯುದ್ಧದ ವೀರರ ಹೆಸರುಗಳನ್ನೆಲ್ಲ ಓದಿ, ಹೆಸರು ಗೊತ್ತಿಲ್ಲದ ಅಪರಾಧಿಯನ್ನು ದೇವರಿಗೆ ಒಪ್ಪಿಸುವ ಓದು ಅದು. ಅದು ತಗಲಿದವನು ಹೊಟ್ಟೆ ಊದಿ ಸಾಯುತ್ತಾನೆಂದು ನಂಬಿಕೆ; ಪೊಲೀಸರಿಗೆ ಅಂಜದವರೂ ನಮ್ಮಲ್ಲಿ ಅದಕ್ಕೆ ಅಂಜುತ್ತಾರೆ.

ಸಂಜೆ ಫಾಕಿಯವರು ಜಗಲಿಗೆ ಬಂದರು. ಮಸೀದಿಯಲ್ಲಿ ಸಾರಿದ್ದರೂ, ಶೆಹಾ ಒಪ್ಪಿದರೆ ಮಾತ್ರ ಅಂಥ ಓದು ನಡೆಯಬಹುದು.

"ಏನ್ ಶೆಹಾ, ಬಿಸಿಲಿಗೆ ಹಾಕಿದ ಆಕ್ಟೋಪಸ್ ಥರ ಮುದುಡಿ ಕೂತಿದ್ದೀರಿ! ಬೀ ಪಿಲಿ ಊಟ ಹಾಕ್ಲಿಲ್ವಾ?"

ಒಳಗಿನಿಂದ ಉಸ್ಸಿಯವರ ಹೆಂಡತಿ ಬೀ ಪಿಲಿಯ ದನಿ ಬಂತು. "ಹಾಕಿದ್ದೆಲ್ಲ ಬೆಕ್ಕಿಗೆ ಹೋಗ್ತಿದೆ ಫಾಕಿಯಣ್ಣ. ನಮ್ಮ ಬೆಕ್ಕು ನೋಡಿ, ಬಸುರಿ ಥರ ಆಗಿದೆ."

"ಗುರುವಾರ ಆಗಲಿ, ತಿಂದವನ ಹೊಟ್ಟೆ ಅದಕ್ಕಿಂತ ದಪ್ಪ ಆಗತ್ತೆ. ಅಪ್ಪಣೆ ಕೊಡ್ತೀರಲ್ಲ?"

ಉಸ್ಸಿಯವರು ಆಗಲಿ ಎಂದು ತಲೆಯಾಡಿಸಿದರು.

"ಮುಂದಿನ ಸಾಲಲ್ಲೇ ಕೂರ್ಬೇಕು ನೀವು. ಹುಡುಗರಂತೂ ಕಾಯ್ತಿಲ್ಲ. ಹೆಸರು ಗೊತ್ತಾಗ್ಲಿ, ಮನೆ ಮಾಡಿಗೆ ಬೆಂಕಿ ಇಡ್ತೀವಿ ಅಂತಿದ್ದಾರೆ."

ಫಾಕಿಯವರು ಹೋದ ಮೇಲೆ ಉಸ್ಸಿಯವರು ತಮ್ಮ ಮಾಡಿನ ತೆಂಗಿನ ಗರಿಗಳನ್ನು ನೋಡಿದರು. ನಂತರ, ನಾನು ಏನೂ ಕೇಳದಿದ್ದರೂ, ನನ್ನ ಕಡೆ ಬಾಗಿದರು.

"ಮೇಷ್ಟ್ರೇ, ಅದು ನಾನು."

ಹೋಟೆಲಿಗೆ ಜಾಗ ನೋಡಲು ಸಮಿತಿಯವರು ಬಂದದ್ದು ಬಡಗಣ ಗಾಳಿಯ ಕಾಲದಲ್ಲಿ. ಆ ದಿನ ಉಸ್ಸಿಯವರು ಮತ್ತು ಬೀ ಪಿಲಿ ಬಿಟ್ಟು ಊರೆಲ್ಲ ಪಕ್ಕದ ದ್ವೀಪದ ಮದುವೆಗೆ ಹೋಗಿತ್ತು. ಉಸ್ಸಿಯವರೊಬ್ಬರೇ ಅವರನ್ನು ಬಡಗು ದಂಡೆಗೆ ಕರೆದೊಯ್ದರು. ಒಬ್ಬ ಅಧಿಕಾರಿ ಕೇಳಿದ: "ಇಲ್ಲಿ ದೋಣಿ ನಿಲ್ಲಿಸ್ತಾರಾ, ಶೆಹಾ?" ಇವರು ಮರಳಿನ ಕಡೆ ನೋಡಿ "ಇಲ್ಲ" ಎಂದರು. ಆ ಗಾಳಿಯಲ್ಲಿ ಅಲ್ಲಿ ದೋಣಿ ನಿಲ್ಲಿಸುವ ಹುಚ್ಚ ಯಾರಿದ್ದಾನೆ? ಗಾಳಿ ತಿರುಗಿದಾಗ ದೋಣಿಗಳೂ ತಿರುಗುತ್ತವೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕೆಂದು ಅವರಿಗೆ ಹೊಳೆಯಲಿಲ್ಲ. ಇಲ್ಲಿ ಹುಟ್ಟಿದ ಯಾರಿಗೂ ಅದು ಹೊಳೆಯುತ್ತಿರಲಿಲ್ಲ. ಆಮೇಲೆ ಊರಲ್ಲಿ ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

"ದುಡ್ಡು ಮುಟ್ಟಿಲ್ವಲ್ಲ ನೀವು," ಎಂದೆ.

"ಓದೋರು ದುಡ್ಡಿನ ಮಾತು ಆಡಲ್ಲ ಮೇಷ್ಟ್ರೇ. ದಂಡೆ ಕಳೆದವನು ಅಂತ ಓದ್ತಾರೆ. ಕಳೆದವನು ನಾನೇ ಅಲ್ವಾ?"

ಪೆಂಬಾದಲ್ಲಿ ಲವಂಗ ಕದ್ದ ಒಬ್ಬನ ಮೇಲೆ ಆ ಓದು ಓದಿದ್ದನ್ನು ಅವರು ಕಂಡಿದ್ದರು. ಅವನ ಹೊಟ್ಟೆ ನೀರು ತುಂಬಿ ಊದಿತು. ಮುಂದಿನ ಕೊಯ್ಲಿಗೆ ಅವನಿರಲಿಲ್ಲ. ಅಪ್ಪಣೆ ಕೊಡದಿದ್ದರೆ ಊರಿಗೆ ತಿಳಿಯುತ್ತಿತ್ತು, ಮಾಡಿಗೆ ಬೆಂಕಿ. ಕೊಟ್ಟಾಯಿತು, ಇನ್ನು ಓದು ಬಿಡುವುದಿಲ್ಲ. ಆ ವಾರ ಅವರು ಹೋಟೆಲಿನ ಕಡೆಗಾಗಲಿ ಮಸೀದಿಯ ಕಡೆಗಾಗಲಿ ಮುಖ ಮಾಡಿ ಕುಳಿತದ್ದನ್ನು ನಾನು ಕಾಣಲಿಲ್ಲ. ಬುಧವಾರ ಬೀ ಪಿಲಿ ನನ್ನನ್ನು ಹಿತ್ತಿಲಿಗೆ ಕರೆದರು.

"ಮೇಷ್ಟ್ರೇ, ಇವರು ಸೊಂಟಕ್ಕೆ ಬಲೆ ನೂಲು ಕಟ್ಕೊಂಡಿದ್ದಾರೆ. ಬೆಳಿಗ್ಗೆ ಎದ್ದು ಬಿಗಿ ಆಯ್ತಾ ಅಂತ ಮುಟ್ಟಿ ನೋಡ್ಕೋತಾರೆ. ಕೇಳಿದ್ರೆ ಎದ್ದು ಹೋಗ್ತಾರೆ. ಏನಾಗಿದೆ?"

ಅದನ್ನು ಉಸ್ಸಿಯವರೇ ಹೇಳಬೇಕು ಎಂದೆ.

ಗುರುವಾರ ಮಧ್ಯಾಹ್ನದ ಇಳಿಬಿಸಿಲಿನಲ್ಲಿ ಮಸೀದಿ ತುಂಬಿತು. ಧೂಪದ ಹೊಗೆ ಕಿಟಕಿಯಿಂದ ಹೊರಹೋಗದೆ ತಲೆಯ ಮೇಲೆಯೇ ನಿಂತಿತ್ತು. ಉಸ್ಸಿಯವರು ನನ್ನ ಮಣಿಕಟ್ಟು ಹಿಡಿದಿದ್ದರು. ಆ ಬೆರಳುಗಳು ಮೀನಿನಷ್ಟು ತಣ್ಣಗಿದ್ದವು. ಓದುವ ಗುರುಗಳು ಗ್ರಂಥ ತೆರೆದು, ವಾಡಿಕೆಯಂತೆ ಕೇಳಿದರು: "ಹೇಳೋದಿದ್ದವರು ಈಗಲೇ ಹೇಳಿ. ಶುರು ಮಾಡಿದ್ಮೇಲೆ ನನ್ನ ಕೈಲಿಲ್ಲ."

ಗುರುಗಳು ಬೆರಳನ್ನು ಮೊದಲ ಸಾಲಿಗಿಟ್ಟರು. ನನ್ನ ಮಣಿಕಟ್ಟು ಹಗುರವಾಯಿತು.

"ದೋಣಿ ನಿಲ್ಲಿಸಲ್ಲ ಅಂತ ಹೇಳಿದ್ದು ನಾನು," ಎಂದರು ಉಸ್ಸಿಯವರು, ನಿಂತು. "ಬಡಗಣ ಗಾಳೀಲಿ ಕೇಳಿದ್ರು. ಆಗ ಇರ್ಲಿಲ್ಲ. ಇಲ್ಲ ಅಂದೆ. ತೆಂಕಣ ಗಾಳಿ ಮಾತು ಅವರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ಹುಡುಗರ ಸಾಲು ಎದ್ದಿತು. ಫಾಕಿಯವರು ಕೈಯೆತ್ತಿ ಅವರನ್ನು ತಡೆದರು.

"ಎಷ್ಟು ತಿಂದ್ರಿ?"

"ತಿಂದಿದ್ದು ಅವರು. ನಮ್ಮನೆ ಕೆಸವಿನ ಗೆಡ್ಡೆ, ಒಣಮೀನು. ಪಿಲಿ ಬಡಿಸಿದ್ಲು."

ಯಾರೋ ನಕ್ಕು, ತಕ್ಷಣ ನಿಲ್ಲಿಸಿದರು. ಫಾಕಿಯವರು ನಗಲಿಲ್ಲ. "ನನ್ನಳಿಯ ಇನ್ನೂ ಮಂಚ ಬಿಟ್ಟು ಎದ್ದಿಲ್ಲ ಶೆಹಾ. ನೀವು ಹೇಳ್ತಿರೋದು ನಿಜ ಆದ್ರೆ ಓದಿಗೆ ಯಾಕೆ ಹೆದರ್ಬೇಕು? ತಿಂದವನ ಮೇಲೆ ಓದ್ಲಿ. ಕೂತು ಕೇಳಿ."

ಉಸ್ಸಿಯವರು ಕುಳಿತರು. ಓದು ನಡೆಯಿತು. ಹೆಸರಾದ ಮೇಲೆ ಹೆಸರು ಬರುತ್ತಿದ್ದಂತೆ ಅವರ ಕೈ ಅಂಗಿಯ ಕೆಳಗೆ ಆ ನೂಲನ್ನು ಹುಡುಕುತ್ತಿತ್ತು. ಒಮ್ಮೆಯೂ ಎದ್ದು ಹೋಗಲಿಲ್ಲ.

ಮರುದಿನ ಅವರು ಫಾಕಿಯವರನ್ನು ಕರೆದುಕೊಂಡು ಮಂಡಳಿಗೆ ಹೋದರು. ಈ ಗಾಳಿಯಲ್ಲೇ ಬಂದು ನೋಡಿ ಎಂದು ಸಮಿತಿಯನ್ನು ಒಪ್ಪಿಸುವವರೆಗೂ ಬಾಗಿಲು ಬಿಡಲಿಲ್ಲ. ಸಮಿತಿಯ ಮೋಟಾರು ದೋಣಿ ತೆಂಕು ದಂಡೆಗೆ ಬರಲಾರದೆ ದ್ವೀಪವನ್ನು ಸುತ್ತಿಕೊಂಡು ಬಡಗಿಗೆ ಬಂದಿತು. ಗೋಡೆಯ ಬುಡದಲ್ಲಿ ಅಲೆ ಅದನ್ನು ಎತ್ತಿ ಎತ್ತಿ ಇಳಿಸಿತು. ಅಧಿಕಾರಿಗಳು ಒಬ್ಬರನ್ನೊಬ್ಬರು ತಬ್ಬಿಕೊಂಡು ದೇವರನ್ನು ಕೂಗಿದರು. ಮೊದಲು ನೀರಿಗೆ ಇಳಿದವರು ಉಸ್ಸಿಯವರು; ಹಗ್ಗ ಹಿಡಿದವರು ಫಾಕಿ ಮತ್ತು ಅದೇ ಹುಡುಗರು. ಎದೆಮಟ್ಟದ ನೀರಿನಲ್ಲಿ ನಿಂತು ಉಸ್ಸಿಯವರು ಯಾರೂ ಕೇಳದ ಮಾತುಗಳನ್ನು ಕೂಗಿ ಹೇಳುತ್ತಿದ್ದರು: ಯಾವ ಗಾಳಿಗೆ ಯಾವ ದಂಡೆ, ಮಳೆಗಾಲದಲ್ಲಿ ಎಲ್ಲಿ, ಹೆಣ ತರುವ ದೋಣಿ ಎಲ್ಲಿ.

"ಸಾಕು ಶೆಹಾ, ಸಾಕು, ಗೊತ್ತಾಯ್ತು!" ಎಂದು ದೋಣಿಯೊಳಗಿಂದ ಅದೇ ಅಧಿಕಾರಿ ಅರಚಿದ.

"ಇನ್ನೂ ಇದೆ!" ಎಂದರು ಉಸ್ಸಿಯವರು.

ದೋಣಿಗಳು ಹಾಯುವಷ್ಟು ಅಗಲಕ್ಕೆ ಗೋಡೆ ಒಡೆಯಬೇಕೆಂದು ಸಮಿತಿ ಆಜ್ಞೆ ಮಾಡಿತು. ಹೋಟೆಲಿನವರು ಮೇಲ್ಮನವಿ ಹಾಕಿದರು, ಸೋತರು, ಒಡೆದರು. ಫಾಕಿಯವರ ಅಳಿಯ ಕೋಲೂರಿ ನಡೆಯುತ್ತಾನೆ. ಎದುರಾದಾಗ ಉಸ್ಸಿಯವರನ್ನು ಮಾತಾಡಿಸುವುದಿಲ್ಲ. ಗಾಳಿ ಎರಡು ಸಲ ತಿರುಗಿದೆ. ಉಸ್ಸಿಯವರು ಗಟ್ಟಿಯಾಗಿಯೇ ಇದ್ದಾರೆ. ಈಚೆಗೆ ಬೀ ಪಿಲಿಯ ಮೀನುಸಾರು ಅವರಿಗೆ ಮತ್ತೆ ಹಿಡಿಸುತ್ತಿದೆಯೆಂದು ಕೇಳಿದೆ; ಮೈಯೂ ಸ್ವಲ್ಪ ತುಂಬಿದೆ.

ಅದಕ್ಕೇ ಮತ್ತೆ ಊಟ ಕಡಿಮೆ ಮಾಡಿದ್ದಾರೆ. ಸೊಂಟದ ನೂಲನ್ನು ಇನ್ನೂ ಬಿಚ್ಚಿಲ್ಲ.