ಬೆಣ್ಣೆಗೈ ಕಂಬಕ್ಕೆ ಒತ್ತಿ ನಿಂತದ್ದು

ಬಂದರಿನವರೆಲ್ಲ ಅವನನ್ನು ಬೆಣ್ಣೆಗೈ ಎಂದೇ ಕರೆಯುತ್ತಿದ್ದರು. ಕಲ್ಲಿದ್ದಲು ಹಡಗಿಗೆ ಆಳುಗಳನ್ನು ಸಾಗಿಸುವ ದೋಣಿ ನಡೆಸುತ್ತಲೇ ತಲೆ ನರೆಸಿಕೊಂಡವನು. ಕಟ್ಟೆ ಮುಟ್ಟುವ ಮೊದಲೇ ಎಂಜಿನ್ ವೇಗ ಇಳಿಸಿ, ಹಸುವಿನ ಮಗ್ಗುಲಿಗೆ ಕರು ಬಂದು ನಿಂತ ಹಾಗೆ ದೋಣಿ ನಿಲ್ಲಿಸುತ್ತಿದ್ದ. ಕಟ್ಟೆಯ ಮೇಲೆ ಕೂತ ಕಾವಲುಗಾರನ ಲೋಟದ ಚಹಾ ಕೂಡ ತುಳುಕುತ್ತಿರಲಿಲ್ಲ.

ಕಲ್ಲಿದ್ದಲು ಸುಡುವ ಕರೆಂಟು ಕಾರ್ಖಾನೆಗೆ ಬೀಗ ಬಿತ್ತು. ಕಡಲ ನಡುವೆ ಗಾಳಿಯಿಂದ ಕರೆಂಟು ತೆಗೆಯುವ ಗಾಳಿಕಂಬಗಳು ಎದ್ದವು. ಅವುಗಳನ್ನು ಹತ್ತಿ ರಿಪೇರಿ ಮಾಡುವ ಕೆಲಸಕ್ಕೆ ಅವನ ಸೊಸೆ ಸೇರಿದಳು. ಇಷ್ಟು ಕಾಲ ಗಂಡನ ಮಸಿ ಅಂಗಿ ತಿಕ್ಕಿ ತಿಕ್ಕಿ ಸೋತಿದ್ದ ಅವನ ಹೆಂಡತಿಗೆ ಎಲ್ಲರಿಗಿಂತ ಹೆಚ್ಚು ಖುಷಿ. ಕಂಬಗಳಿಗೆ ಹೋಗುವ ಹೊಸ ದೋಣಿ ಬೆಣ್ಣೆಗೈಗೆ ಸಿಗುವುದಿತ್ತು, ಪರೀಕ್ಷೆ ಗೆದ್ದರೆ. ಸೋತರೆ ಗೋದಾಮಿನಲ್ಲಿ ಹಗ್ಗ ಸುತ್ತುವುದು. ಅವನ ಪಾಲಿಗೆ ಅದು ಮೀನನ್ನು ಅಟ್ಟಕ್ಕೇರಿಸಿದ ಹಾಗೆ.

ಪರೀಕ್ಷೆಯ ದಿನ ದೋಣಿಯ ಮೂತಿಯನ್ನು ಕಂಬಕ್ಕೆ ಹೂವಿಟ್ಟಂತೆ ಮುಟ್ಟಿಸಿದ. ಮುಟ್ಟಿದ್ದೇ ತಡ, ಕೈ ತಾನಾಗಿಯೇ ಎಂಜಿನ್ ಇಳಿಸಿತು. ಅಲೆ ದೋಣಿಯನ್ನು ಹಿಂದಕ್ಕೆಳೆಯಿತು. ಕಂಬದ ಏಣಿಗೆ ಕಾಲೆತ್ತಿದ್ದ ಸೊಸೆ ಥಟ್ಟನೆ ಹಿಂದೆ ಸರಿದಳು. ಅಲ್ಲಿ ಮುಟ್ಟಿದ ಮೇಲೆ ಎಂಜಿನ್ ಏರಿಸಿ, ಜನ ಹತ್ತುವ ತನಕ ಕಂಬಕ್ಕೆ ಒತ್ತಿ ಹಿಡಿಯಬೇಕು. ಅದು ಅವನಿಗೆ ಗೊತ್ತಿತ್ತು. ಕೈ ಮಾತು ಕೇಳಬೇಕಲ್ಲ. ನಾಳೆ ಇನ್ನೊಂದೇ ಅವಕಾಶ ಎಂದು ಪರೀಕ್ಷಕ ಹೇಳಿ ಹೋದ.

"ಕಂಬಕ್ಕೇನೂ ನೋವಾಗಲ್ಲ ಮಾವ," ಎಂದು ಸೊಸೆ ದಾರಿಯುದ್ದಕ್ಕೂ ನಗಿಸಲು ನೋಡಿದಳು. ಅವನು ನಗಲಿಲ್ಲ.

ಮನೆ ಹೊಕ್ಕವನು ಉಪ್ಪುಗಾಳಿಗೆ ಉಬ್ಬಿದ ಬಾಗಿಲಿಗೆ ಎಂದಿನಂತೆ ಭುಜ ಕೊಟ್ಟು ಒತ್ತಿ ಚಿಲಕ ಹಾಕಿದ. ಸೊಸೆಯಿಂದ ಎಲ್ಲ ತಿಳಿದುಕೊಂಡ ಹೆಂಡತಿ ಕೇಳಿದಳು: "ಈ ಬಾಗಿಲ ಹತ್ರ ನಿಮ್ಮ ಬೆಣ್ಣೆ ಎಲ್ಲಿ ಹೋಗುತ್ತೆ? ಚಿಲಕ ಬೀಳೋ ಮುಂಚೆ ಎಂದಾದ್ರೂ ಭುಜ ತೆಗೆದಿದ್ದೀರಾ?"

ಅವನು ಬಾಗಿಲು ತೆಗೆದು ಮತ್ತೆ ಒತ್ತಿದ. ಊಟ ಆರಿಹೋಗುವ ತನಕ ಅದೇ ಆಟ. ಬಾಗಿಲು ಮುರಿದರೆ ಗೋದಾಮಿನಲ್ಲೇ ಮಲಗಿ ಎಂದು ಅವಳು ಗದರಿಸಿ ಬಡಿಸಿದಳು.

ಮರುದಿನ ಅಲೆ ಇನ್ನೂ ಜೋರು. ಮೂತಿ ಕಂಬ ಮುಟ್ಟಿತು. ಬೆಣ್ಣೆಗೈ ಮನಸ್ಸಿನಲ್ಲೇ ಬಾಗಿಲಿಗೆ ಭುಜ ಕೊಟ್ಟು ಎಂಜಿನ್ ಏರಿಸಿದ. ಮೂತಿಯ ರಬ್ಬರು ಕಿರುಗುಟ್ಟಿತು, ದೋಣಿ ಉಡದಂತೆ ಕಚ್ಚಿಕೊಂಡಿತು. ಏಣಿ ಹತ್ತಿದ ಸೊಸೆ ಮೇಲಿನಿಂದ ಕೂಗಿದಳು: "ಚಿಲಕ ಬಿತ್ತು ಮಾವ, ಇನ್ನು ಬಿಡಿ."

ಗೆದ್ದ ಹಿಗ್ಗಿನಲ್ಲಿ ಹಿಂತಿರುಗಿದವನು ಬಂದರಿನ ಕಟ್ಟೆಗೂ ಹಾಗೇ ಒತ್ತಿಬಿಟ್ಟ. ಕಾವಲುಗಾರನ ಚಹಾ ಅಂಗಿಯ ಮೇಲೆ ಬಿತ್ತು.

"ಏನಯ್ಯಾ ಬೆಣ್ಣೆ, ಇವತ್ತು ಗೂಳಿ ಆಗಿದ್ದೀಯ?"

"ಅಂಗಿ ಬಿಚ್ಚಿಕೊಡು, ನಾನೇ ಒಗೆದು ತರ್ತೀನಿ," ಎಂದ ಬೆಣ್ಣೆಗೈ. "ನಮ್ಮನೇಲಿ ಈಗ ತಿಕ್ಕೋಕೆ ಮಸಿ ಅಂಗಿನೇ ಇಲ್ಲ."