ಬಯೋಡೇಟಾದಲ್ಲಿ ನಾನು ಬರೆದ ಸುಳ್ಳು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು, ಕನ್ನಡಕ ಸಿಗಲಿಲ್ಲವೆಂದು ಎದ್ದು ಹೋಗಿದ್ದೇನೆ. ಕನ್ನಡಕ ಮೂಗಿನ ಮೇಲೇ ಇರುತ್ತಿತ್ತು.

ಎರಡು ಸಾವಿರದ ಇಸವಿಯ ಆಸುಪಾಸು. ಹೈದರಾಬಾದಿನಲ್ಲಿ ಎಲ್ಲರ ಬಾಯಲ್ಲೂ ಕಂಪ್ಯೂಟರೇ. ಎಸ್ಸೆಸ್ಸೆಲ್ಸಿ ಓದಿ ರಾಯಚೂರು ಕಡೆಯಿಂದ ಬಂದ ನಾನು ನಾಚಾರಂನ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದೆ. ನನ್ನ ಅಕ್ಷರ ದುಂಡಗಿದ್ದುದರಿಂದ ನಮ್ಮ ಕನ್ನಡದ ಮನೆಗಳವರು ಮದುವೆಯ ಬಯೋಡೇಟಾಗಳನ್ನು ನನ್ನಿಂದಲೇ ಬರೆಸುತ್ತಿದ್ದರು. ಒಬ್ಬರ ಎತ್ತರಕ್ಕೆ ಒಂದಿಂಚು ಸೇರಿಸುವುದು, ಇನ್ನೊಬ್ಬರ ವಯಸ್ಸಿನಲ್ಲಿ ಒಂದು ವರ್ಷ ಕಳೆಯುವುದು ನನಗೆ ಪಾಪವೆನಿಸುತ್ತಿರಲಿಲ್ಲ.

ನನ್ನ ತಮ್ಮನ ಮಗಳು ಆಗ ಯೂನಿವರ್ಸಿಟಿಯಲ್ಲಿ ಇತಿಹಾಸದ ಎಂ.ಎ. ಮೊದಲ ವರ್ಷದಲ್ಲಿದ್ದಳು. ದಿನಾ ಲಿಂಗಂಪಲ್ಲಿ ರೈಲು ಹಿಡಿದು ಹೋಗುತ್ತಿದ್ದಳು. ಅವಳ ಬಯೋಡೇಟಾದಲ್ಲಿ ನಾನು ಎಂ.ಸಿ.ಎ. ಎಂದು ಬರೆದೆ. ಅವಳಿಗೆ ಹೇಳಲಿಲ್ಲ.

ಗಂಡಿನವರು ಬಂದರು. ಹುಡುಗನ ಸೋದರಮಾವ ಉಪ್ಪಿಟ್ಟು ತಿನ್ನುತ್ತ, “ಕಂಪ್ಯೂಟರಿನಾಗ ಏನೇನು ಕಲಿಸ್ಯಾರವಾ?” ಎಂದು ಕೇಳಿದರು.

“ಕಂಪ್ಯೂಟರ್ ಅಲ್ರಿ. ನಾ ಹಿಸ್ಟರಿ ಓದಾಕತ್ತೀನಿ.”

ಅವರು ಕಾಗದ ನೋಡಿದರು, ನನ್ನನ್ನು ನೋಡಿದರು. “ಕ್ಯಾ ಸಾಬ್, ರಾಜರ ಹೆಸರು ಹೇಳಿದ್ರ ಕುಕ್ಕರ್ ಸೀಟಿ ಹೊಡೀತೈತೇನ್ರಿ?” ಎಂದು ನಕ್ಕು ಎದ್ದರು.

ಅವರು ಹೋದದ್ದೇ ತಡ, ಅವಳ ಮೇಲೆ ಕೂಗಾಡಿದೆ. “ಸತ್ತವರ ಕಥಿ ಓದಿ ಯಾರ ಹೊಟ್ಟಿ ತುಂಬೈತಿ? ಸುಮ್ಮನ ಹೂಂ ಅನ್ನಾಕ ಏನಾಗಿತ್ತು?”

ಅವಳು ಅಳಲಿಲ್ಲ. ಬಯೋಡೇಟಾ ಕೈಗೆತ್ತಿಕೊಂಡಳು. “ದೊಡ್ಡಪ್ಪ, ಯಾವ ಕಾಗದ ಸಿಕ್ರೂ ಮೊದಲು ಮೂರು ಮಾತು ಕೇಳ್ರಿ ಅಂತ ನಮಗ ಕಲಿಸ್ಯಾರ. ಯಾರು ಬರೆದ್ರು, ಯಾರ ಸಲುವಾಗಿ ಬರೆದ್ರು, ಯಾಕ ಬರೆದ್ರು. ಇದನ್ನ ಯಾಕ ಬರೆದ್ರಿ?”

ಅವಳ ಕೈಯಿಂದ ಕಾಗದ ಕಸಿದುಕೊಂಡೆ. ಅದೇ ಸಿಟ್ಟಿನಲ್ಲಿ ತಮ್ಮನಿಗೆ, “ನಾಳಿಂದ ಇಕಿ ಓದು ಬಂದ್” ಎಂದೆ. ಹಿರಿಯನ ಮಾತೆಂದು ಅವನು ಬಿಡಿಸಿಯೇಬಿಟ್ಟ.

ಅವಳು ಕಂಪ್ಯೂಟರ್ ಕೋರ್ಸ್ ಮಾಡಿದಳು, ಕೆಲಸ ಸಿಕ್ಕಿತು, ಮದುವೆಯೂ ಆಯಿತು. ನಿಮ್ಮಿಂದಲೇ ಹುಡುಗಿ ದಡ ಸೇರಿದಳು ಎನ್ನುತ್ತಾರೆ ಎಲ್ಲರೂ. ಹೌದೇನೋ ಅನಿಸುತ್ತದೆ, ಮರುಗಳಿಗೆಗೆ ಅಲ್ಲ ಅನಿಸುತ್ತದೆ. ಹಬ್ಬಕ್ಕೆ ಬಂದಾಗ ಅವಳು “ಗುಳಿಗಿ ತಗೊಂಡ್ರೇನ್ರಿ ದೊಡ್ಡಪ್ಪ?” ಎಂದಷ್ಟೇ ಕೇಳುತ್ತಾಳೆ. ಆ ಹಳೆಯ ಪ್ರಶ್ನೆ ಮತ್ತೆ ಕೇಳಿಲ್ಲ.

ಈಗ ಫೋನಿಗೆ ಏನೇ ಸುದ್ದಿ ಬಂದರೂ ಆ ಮೂರು ಮಾತು ನಾನೇ ಕೇಳಿಕೊಳ್ಳುತ್ತೇನೆ. ನಾನು ಬೈಯುತ್ತಿದ್ದಾಗ ಅವಳು ಕಲಿಸಿದ ಪಾಠವದು. ಎರಡು ವರ್ಷ ಪೂರ್ತಿ ಓದಿದ್ದರೆ ಇನ್ನೇನು ಕಲಿಯುತ್ತಿದ್ದಳೋ.

ಆ ಸುಳ್ಳು ಅವಳ ಒಳ್ಳೆಯದಕ್ಕೆ ಬರೆದೆನೋ, ನನ್ನ ಮರ್ಯಾದೆಗೆ ಬರೆದೆನೋ, ಇವತ್ತಿಗೂ ತಿಳಿದಿಲ್ಲ. ಈ ಕಾಗದದ ಬಗ್ಗೆ ಮಾತ್ರ ಹೇಳಬಲ್ಲೆ. ಬರೆದವನು ನಾನು. ತಪ್ಪಾಯಿತು ಎಂದು ಎದುರಿಗೆ ಹೇಳಲಾರದೆ ಬರೆದೆ. ಬರೆದದ್ದು ನಿನ್ನ ಸಲುವಾಗಿ, ಮಹಾದೇವಿ.