ಪೈಪಿನ ಬಳೆ, ಒಂದು ಸೇರು ರಾಗಿ

ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ನಾನು. ಆದರೂ ಪ್ಲಾಸ್ಟಿಕ್ ಪೈಪು ಎಷ್ಟು ಬಾಗುತ್ತದೆ ಎಂಬ ಲೆಕ್ಕದಲ್ಲಿ ನನ್ನ ಕೈಯೂ ಇದೆಯೆಂದು ಉಪ್ಪಾರಹಳ್ಳಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಮುಗಿಸಿದ್ದೇನೆ. ಉಳಿದವರು ನೀವು.

ಕಡಬದ ನಮ್ಮ ತೋಟದಲ್ಲಿ ಟ್ರ್ಯಾಕ್ಟರ್ ಓಡಾಡುವ ದಾರಿಯ ಕೆಳಗೆ ಹೂತಿದ್ದ ನೀರಿನ ಪೈಪು ಚಪ್ಪಟೆಯಾಗಿತ್ತು. ಹೊಸದು ಎಷ್ಟು ದಪ್ಪವಿರಬೇಕೆಂದು ತಾನು ಹೇಳುತ್ತೇನೆಂದಳು, ಎಂಜಿನಿಯರಿಂಗ್ ಓದುವ ಮೊಮ್ಮಗಳು ಕಾವ್ಯ.

"ಹೇಳು, ಅದ್ನೇ ತರ್ತೀನಿ. ತಪ್ಪಾಯ್ತೋ, ತೋಟದ್ ವಿಷ್ಯಕ್ಕೆ ಇನ್ ಬಾಯ್ ಹಾಕ್ಬೇಡ," ಎಂದ ನನ್ನ ಮಗ, ಅವಳಪ್ಪ.

ಹುಡುಗಿ ಕಂಪ್ಯೂಟರ್ ಮುಚ್ಚಿಟ್ಟಳು. "ನನ್ ಕೈಲೇ ಬರ್ಬೇಕು ಕಣಜ್ಜಿ."

ಹಳೆಯ ಲಗ್ನಪತ್ರಿಕೆಗಳ ಬೆನ್ನೆಲ್ಲ ಲೆಕ್ಕದಿಂದ ತುಂಬಿತು. ಪೈಪಿನ ಗೋಡೆಯ ದಪ್ಪ ಅರ್ಧವಾದರೆ ಅದು ಬಾಗುವುದು ಎರಡರಷ್ಟಲ್ಲವಂತೆ, ಎಂಟರಷ್ಟಂತೆ! ರೊಟ್ಟಿ ತಟ್ಟುವವಳು ನಾನು, ತೆಳುವಾದಷ್ಟೂ ಕೈ ಮೀರುತ್ತದೆಂದು ಗೊತ್ತು; ಇಷ್ಟೊಂದು ಎಂದುಕೊಂಡಿರಲಿಲ್ಲ.

ಲೆಕ್ಕ ಸರಿಯೇ ಎಂದು ನೋಡಲು ತೆಳು ಪೈಪಿನಿಂದ ಬಳೆಯಷ್ಟಗಲದ ಸುತ್ತೊಂದನ್ನು ಕೊಯ್ದು ಬಾಗಿಲ ಮೊಳೆಗೆ ನೇತುಹಾಕಿದಳು. ಒತ್ತಿದರೂ ಎಳೆದರೂ ಲೆಕ್ಕ ಒಂದೇ ಅಂತೆ. ಬಳೆಯ ಕೆಳಗೆ ಚೀಲದಲ್ಲಿ ಒಂದು ಸೇರು ರಾಗಿ. ಅವಳ ಲೆಕ್ಕದಂತೆ ಬಳೆ ಎರಡು ಅಕ್ಕಿಕಾಳಿನ ದಪ್ಪದಷ್ಟು ಜಗ್ಗಬೇಕಿತ್ತು. ಒಂದು ರಾಗಿಕಾಳಿನಷ್ಟು ಹೆಚ್ಚೇ ಜಗ್ಗಿತು.

"ಏನ್ ಎಂಜಿನಿಯರಮ್ಮ, ರಾಗಿಗೆ ನಿನ್ ಪಾಠ ಗೊತ್ತಿಲ್ವಂತಾ?" ಮಗ ನಕ್ಕ.

ಕಾವ್ಯ ಅಳಲಿಲ್ಲ. ತುಟಿ ಕಚ್ಚಿಕೊಂಡು ಮೊದಲಿಂದ ಮಾಡಿದಳು. ಕಾಫಿ ಕೆನೆಗಟ್ಟಿತು. ಉತ್ತರ ಅದೇ ಬಂತು. ಆಮೇಲೆ ಚೀಲದ ಕಡೆ ತಿರುಗಿದಳು.

"ಅಜ್ಜಿ, ರಾಗಿ ಅಳೆದೋರ್ ಯಾರು?"

"ನಾನೇ ಕಣೇ."

ರಾಗಿಯನ್ನು ಮತ್ತೆ ಸೇರಿಗೆ ಸುರಿದಳು. ಸೇರು ತುಂಬಿ ಮೇಲೊಂದು ಗೋಪುರವೆದ್ದಿತು. ಬೆಳಿಗ್ಗೆ ಲೆಕ್ಕಕ್ಕೆಂದು ಅವಳು ತೂಗಿಟ್ಟುಕೊಂಡಿದ್ದು ತಲೆ ಸವರಿದ ಸೇರನ್ನು. ಆದರೆ ಮನೆಯ ಹೆಣ್ಣುಮಗಳಿಗೆ ತಲೆ ಸವರಿ ಅಳೆದುಕೊಡುವುದುಂಟೇ? ನನ್ನ ತಾಯಿ ನನಗೆ ಅಳೆದದ್ದೂ ಗೋಪುರ ಹಾಕಿಯೇ. ಕೈಗೆ ಬೇರೆ ಗೊತ್ತಿಲ್ಲ.

"ಅಯ್ಯೋ ನನ್ನಜ್ಜೀ!" ಎಂದು ನನ್ನ ಗೋಪುರವನ್ನು ಬೆರಳಲ್ಲಿ ಸವರಿಹಾಕಿ, ಉಳಿದದ್ದನ್ನು ಮತ್ತೆ ನೇತುಹಾಕಿದಳು. ಎರಡು ಅಕ್ಕಿಕಾಳು! ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ. ನನಗೆ ಕುಣಿಯುವಂತಾಯಿತು, ಮಂಡಿ ಒಪ್ಪಲಿಲ್ಲ, ಚಪ್ಪಾಳೆ ತಟ್ಟಿದೆ.

ಮಗ ಶಿರಾ ಗೇಟಿನ ಪೈಪಿನ ಅಂಗಡಿಗೆ ಹೊರಟ. ಹೊಸಿಲ ಬಳಿ ನಿಂತು, "ದಪ್ಪ ಎಷ್ಟಂದೆ ಮಗಾ?" ಎಂದ.

ಹೇಳಿದಳು. ನೆಲದ ಮೇಲೆ ಚೆಲ್ಲಿದ್ದ ರಾಗಿಯನ್ನು ನೋಡಿ, "ತಡಿಯಪ್ಪಾ," ಎಂದಳು. "ಟ್ರ್ಯಾಕ್ಟರ್‌ಗೆ ಕಾಯಿ ತುಂಬೋರೂ ಅಜ್ಜಿ ಥರದೋರೇ. ಒಂದ್ ಸೈಜ್ ಹೆಚ್ಚಿಗೇನೇ ತಗೊಂಬಾ."

ಲೆಕ್ಕವೆಲ್ಲ ಅವಳದು. ಆ ಒಂದು ಸೈಜು ಮಾತ್ರ ನನ್ನದು.